ಬೇಲೂರಿನಲ್ಲಿ ಪಾಯ ತೆಗೆಯುವಾಗ ಮಣ್ಣಿನ ಮೇಲೆ ನಿಗಾ ಇಡುವುದು ಹೇಗೆ?

ಬೇಲೂರಿನ ಹಳೇ ಪೇಟೆಯಲ್ಲಿ ಪಾಯಕ್ಕೆಂದು ನಾಲ್ಕೈದು ಅಡಿ ಅಗೆದ ಮೇಲೆ ಗುಂಡಿಯ ಗೋಡೆಯನ್ನು ಒಮ್ಮೆ ನಿಂತು ನೋಡಿ. ಮೇಲೆ ಈಚಿನ ಕಸ ಇರುತ್ತದೆ: ಮಂಗಳೂರು ಹೆಂಚಿನ ಚೂರು, ಗಾಜು, ಪ್ಲಾಸ್ಟಿಕ್. ಅದರ ಕೆಳಗೆ ಬೂದುಬಣ್ಣದ ಮೆತ್ತನೆ ಮಣ್ಣು. ಅದರಲ್ಲಿ ಮಡಕೆಯ ಬೋಕಿ, ಇದ್ದಿಲು, ಸುಣ್ಣದ ಹರಳು. ಅದಕ್ಕೂ ಕೆಳಗೆ ಗಟ್ಟಿ ಕೆಮ್ಮಣ್ಣು. ಎಲ್ಲ ಸೈಟಿನಲ್ಲೂ ಹೀಗೇ ಇರುತ್ತದೆ ಎಂದಲ್ಲ. ಆದರೆ ಹಳೇ ಊರಿನ ನಡುವೆ ಮಣ್ಣು ಬರೀ ಮಣ್ಣಾಗಿ ಸಿಗುವುದು ಕಡಿಮೆ.

ಸಿಗಬೇಕಾದರೂ ಹೇಗೆ? ಚೆನ್ನಕೇಶವ ದೇವಸ್ಥಾನದಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಹಾಳಾಗಿದ್ದ ಮಹಾದ್ವಾರದ ಗೋಪುರವನ್ನು ವಿಜಯನಗರದ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಆಮೇಲೆ ನಾಯಕರು ಬಂದರು, ಮೈಸೂರಿನವರು ಬಂದರು. ಇಷ್ಟೂ ಕಾಲ ಜನ ಇಲ್ಲೇ ಮನೆ ಕಟ್ಟಿದ್ದಾರೆ, ಬಾವಿ ತೋಡಿದ್ದಾರೆ, ಒಲೆಯ ಬೂದಿ ಹಿತ್ತಲಿಗೆ ಚೆಲ್ಲಿದ್ದಾರೆ. ಹಳೇ ಮನೆ ಕುಸಿದರೆ ಅದರ ಮಣ್ಣನ್ನೇ ಸಮ ಮಾಡಿ ಮೇಲೆ ಇನ್ನೊಂದು ಕಟ್ಟಿದ್ದಾರೆ. ಹಳೇಬೀಡಿನ ಕತೆಯೂ ಇದೇ. ಅಲ್ಲಿ ನಾಗರೇಶ್ವರದ ದಿಬ್ಬಗಳನ್ನು ಅಗೆದ ಮೇಲೆಯೇ ಒಳಗಿದ್ದ ದೇವಸ್ಥಾನಗಳ ತಳ ಹೊರಗೆ ಬಂದಿದ್ದು.

ನಾನು ಹಾಸನದಲ್ಲಿದ್ದುಕೊಂಡು ಬೇಲೂರು, ಹಳೇಬೀಡು ಕಡೆ ಮನೆ ಕಟ್ಟುವ ಕೆಲಸ ನೋಡಿಕೊಳ್ಳುತ್ತೇನೆ. ಪುರಾತತ್ವ ಓದಿದವನಲ್ಲ. ಆದರೆ ಪಾಯದ ಗುಂಡಿಯ ಅಂಚಿನಲ್ಲಿ ನಿಂತು ಕಳೆದ ದಿನಗಳು ಜಾಸ್ತಿ. ಮನೆ ಕಟ್ಟಿಸುವವರು, ಮೇಸ್ತ್ರಿಗಳು, ವಾರ್ಡಿನ ಸದಸ್ಯರು ಅಗೆಯುವಾಗ ಮಣ್ಣಿನ ಮೇಲೆ ನಿಗಾ ಇಡುವ ಕೆಲಸವನ್ನು ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ 1990ರಿಂದೀಚೆಗೆ, ಹಳೇ ಊರಿನ ನಡುವೆ ಕಟ್ಟುವವರಿಗೆ ಪರವಾನಗಿ ಕೊಡುವಾಗಲೇ ಅಗೆತದ ಮೇಲೆ ಪುರಾತತ್ವದವರ ನಿಗಾ ಇರಬೇಕು ಎಂಬ ಷರತ್ತು ಹಾಕುವುದು ರೂಢಿಯಾಗಿದೆ. ಆ ಖರ್ಚನ್ನು ಕಟ್ಟಿಸುವವರೇ ಕೊಡುತ್ತಾರೆ. ನಮ್ಮಲ್ಲಿ ಸಾಮಾನ್ಯ ಮನೆ ಕೆಲಸಕ್ಕೆ ಹಾಗೆ ಬಂದು ನಿಲ್ಲುವವರಿಲ್ಲ. ಹಾಗಾಗಿ ಮನೆಯವರೇ ನಿಲ್ಲಬೇಕು.

ಮೊದಲು ಟೇಪು ಹಿಡಿಯಿರಿ

ಅಗೆಯುವ ಮಾತು ಆಮೇಲೆ. ನಿಮ್ಮ ಸೈಟು ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರ ಎಂಬುದು ಮೊದಲು ಗೊತ್ತಾಗಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇದನ್ನು ಗೋಪುರದಿಂದಲೋ ಗರ್ಭಗುಡಿಯಿಂದಲೋ ಅಳೆಯುವುದಿಲ್ಲ. ಸಂರಕ್ಷಿತ ಜಾಗದ ಗಡಿಯಿಂದ ಅಳೆಯುತ್ತಾರೆ. ತುಂಬಾ ಜನ ಎಡವುವುದು ಇಲ್ಲೇ. "ದೇವಸ್ಥಾನ ಅಷ್ಟು ದೂರ ಇದೆಯಲ್ಲ ಸಾರ್" ಅನ್ನುತ್ತಾರೆ. ಗಡಿ ಎಲ್ಲಿದೆ ಎಂದು ಪುರಾತತ್ವ ಸರ್ವೇಕ್ಷಣ ಇಲಾಖೆಯವರನ್ನು ಕೇಳಿರುವುದಿಲ್ಲ.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ರಿಪೇರಿ, ನವೀಕರಣಕ್ಕೂ ಅನುಮತಿ ಬೇಕು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ತೆಗೆದುಕೊಂಡು ಕಟ್ಟಬಹುದು. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ಸಕ್ಷಮ ಪ್ರಾಧಿಕಾರ, ಅಂದರೆ ಅನುಮತಿ ಕೊಡುವ ಅಧಿಕಾರಿ, ಅದನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಕಳಿಸಬೇಕು. ಅವರು ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸಬೇಕು. ಆಮೇಲೆ ಸಕ್ಷಮ ಪ್ರಾಧಿಕಾರ ಒಂದು ತಿಂಗಳೊಳಗೆ ಅನುಮತಿ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ಕಾಯ್ದೆಯಲ್ಲಿರುವ ಲೆಕ್ಕ ಇದು. ಮಳೆಗಾಲ ಮುಗಿದ ಮೇಲೆ ಪಾಯ ತೆಗೆಯಬೇಕು ಎಂದಿದ್ದರೆ ಮೇ ತಿಂಗಳಲ್ಲೇ ಕಾಗದ ಜೋಡಿಸಲು ಶುರು ಮಾಡಿ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪುರಸಭೆಯ ಕಟ್ಟಡ ಪರವಾನಗಿ ಬೇರೆ, ಈ ಅನುಮತಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಹತ್ತಿರದಲ್ಲಿ ರಾಜ್ಯ ಸರ್ಕಾರದ ಸಂರಕ್ಷಿತ ಸ್ಮಾರಕ ಇದ್ದರೆ ರಾಜ್ಯದ ಪುರಾತತ್ವ ಇಲಾಖೆಯನ್ನೂ ಕೇಳಿ.

300 ಮೀಟರ್ ಆಚೆ ಇದ್ದವರು ನಿರಾಳ ಆಗುತ್ತಾರೆ. ಅನುಮತಿಯ ಮಟ್ಟಿಗೆ ಅದು ಸರಿ. ಆದರೆ ಹಳೇ ಊರು ಆ ಗೆರೆಗೆ ನಿಂತಿಲ್ಲ. ಹಳೇಬೀಡಿನ ಕೋಟೆಗೋಡೆ, ಕಂದಕದ ಗುರುತು ಎಲ್ಲೆಲ್ಲಿವೆ ನೋಡಿ. ಹೊಯ್ಸಳೇಶ್ವರದಿಂದ ಎಷ್ಟೋ ದೂರದ ಹೊಲಗಳಲ್ಲಿ ಹಾದುಹೋಗಿವೆ. ಹಾಗಾಗಿ ಮುಂದೆ ಹೇಳುವುದು ಗೆರೆಯ ಒಳಗಿನವರಿಗೂ ಹೊರಗಿನವರಿಗೂ ಸೇರಿಯೇ.

ಗುದ್ದಲಿ ಇಡುವ ಮುಂಚೆ ಕೇಳಿ ತಿಳಿಯುವುದು

ಇದಕ್ಕೆ ಎರಡು ದಿನ ಸಾಕು. ಅಕ್ಕಪಕ್ಕದ ಮನೆಯ ಅಜ್ಜ ಅಜ್ಜಿಯರನ್ನು ಮಾತಾಡಿಸಿ. ಹಳೇ ಬಾವಿ ಎಲ್ಲಿತ್ತು? ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇತ್ತಾ? ಈ ಜಾಗಕ್ಕೆ ಹಿಂದೆ ಏನು ಹೆಸರು? ಪಕ್ಕದವರು ಸಂಪು ತೆಗೆದಾಗ ಕಲ್ಲು ಸಿಕ್ಕಿತ್ತಾ? ಕೊನೆಯ ಪ್ರಶ್ನೆಗೆ ಮೊದಲು "ಏನೂ ಇಲ್ಲಪ್ಪ" ಅನ್ನುತ್ತಾರೆ. ಟೀ ಕುಡಿದು ಮುಗಿಯುವಷ್ಟರಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲನ್ನು ತೋರಿಸುತ್ತಾರೆ.

ಊರಿನ ಶಾಸನಗಳ ಪಟ್ಟಿಯನ್ನೂ ನೋಡಿ. ಬಿ. ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹಾಸನ ಜಿಲ್ಲೆಯ ಶಾಸನಗಳು 1902ರಲ್ಲೇ ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 9ನೇ ಸಂಪುಟ ಬೇಲೂರು ತಾಲ್ಲೂಕಿನದು. ಯಾವ ಕಲ್ಲು ಎಲ್ಲಿತ್ತು ಎಂದು ಅದರಲ್ಲಿ ಬರೆದಿದ್ದಾರೆ: ಇಂಥ ಗುಡಿಯ ಬಲಕ್ಕೆ, ಇಂಥವರ ಹಿತ್ತಲಲ್ಲಿ, ಕೆರೆ ಏರಿಯ ಮೇಲೆ. ನಿಮ್ಮ ಬೀದಿಯ ಹೆಸರು ಅಲ್ಲಿ ಕಂಡರೆ ಕೆಲಸ ಶುರು ಮಾಡುವಾಗ ಮನಸ್ಸಿನಲ್ಲಿ ಎಚ್ಚರ ಇರುತ್ತದೆ. ಹಲ್ಮಿಡಿ ಬೇಲೂರು ತಾಲ್ಲೂಕಿನದೇ ಊರು, ಅಲ್ವಾ? ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರದು ಎನ್ನುವ ಆ ಕಲ್ಲನ್ನು ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸುವ ತನಕ ಅದು ಊರಿನಲ್ಲಿದ್ದ ಒಂದು ಕಲ್ಲು, ಅಷ್ಟೇ.

ಗುಂಡಿಯ ಹತ್ತಿರ ಯಾರು ನಿಲ್ಲಬೇಕು?

ಒಬ್ಬರು. ಬೇರೆ ಯಾವ ಕೆಲಸವನ್ನೂ ಅವರ ತಲೆಗೆ ಕಟ್ಟಬೇಡಿ. ಮೇಸ್ತ್ರಿಗೆ ಅಳತೆ, ಆಳು, ಜಲ್ಲಿ, ಮರಳು ನೋಡಿಕೊಳ್ಳುವುದೇ ಸಾಕಾಗುತ್ತದೆ. ಮನೆಯ ಯಜಮಾನರಿಗೆ ಫೋನು ಬಿಡುವು ಕೊಡುವುದಿಲ್ಲ. ಇತಿಹಾಸ ಓದುವ ಕಾಲೇಜು ಹುಡುಗಿಯೋ ಹುಡುಗನೋ, ನಿವೃತ್ತ ಮೇಷ್ಟ್ರೋ ಸಿಕ್ಕರೆ ಒಳ್ಳೆಯದು. ಅಗೆತ ನಡೆಯುವಷ್ಟು ದಿನ ಅವರಿಗೆ ಒಬ್ಬ ಆಳಿನ ಕೂಲಿ ಕೊಡಿ. "ಸ್ವಲ್ಪ ನಿಲ್ಲಿಸಿ" ಎಂದು ಅವರು ಕೈ ಎತ್ತಿದರೆ ಕೆಲಸ ನಿಲ್ಲಬೇಕು. ಇದನ್ನು ಮೊದಲ ದಿನ ಬೆಳಗ್ಗೆಯೇ ಮೇಸ್ತ್ರಿ, ಜೆಸಿಬಿ ಡ್ರೈವರ್, ಆಳುಗಳು ಎಲ್ಲರ ಎದುರು ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳ ಆಗುತ್ತದೆ.

ನನ್ನ ಸೈಟಿನಲ್ಲಿ ಹೀಗೆ ಯಾರನ್ನೂ ನಿಲ್ಲಿಸದೆ ಏನಾಯಿತು ಹೇಳುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ಬೇಲೂರಿನ ಒಂದು ಹಳೇ ಸೈಟಿನಲ್ಲಿ ಬೆಳಗ್ಗೆ ಪಾಯ ಶುರುವಾಗಿತ್ತು. ಸಿಮೆಂಟ್ ಲೋಡು ಬಂತು ಎಂದು ನಾನು ಅರ್ಧ ಗಂಟೆ ಆಚೆ ಹೋದೆ. ವಾಪಸ್ ಬರುವಷ್ಟರಲ್ಲಿ ಎರಡು ಟ್ರ್ಯಾಕ್ಟರ್ ಮಣ್ಣು ಹೊರಗೆ ಹೋಗಿತ್ತು. ಮೂರನೆಯ ಟ್ರೇಲರಿನ ಮೇಲೆ ಬಳಪದ ಕಲ್ಲಿನ ಒಂದು ತುಂಡಿತ್ತು. ಒಂದು ಮೊಳ ಉದ್ದ. ಒಂದು ಮಗ್ಗುಲಲ್ಲಿ ಮಣಿಸಾಲು, ಅದರ ಕೆಳಗೆ ಬಳ್ಳಿ. ಮಣಿಗಳ ಸಂದಿನಲ್ಲಿ ಹಸಿ ಮಣ್ಣು ಕೂತಿತ್ತು. ಇನ್ನೊಂದು ಮಗ್ಗುಲಲ್ಲಿ ಬಕೆಟ್ಟಿನ ಹಲ್ಲು ಎಳೆದ ಬಿಳಿ ಗೀರು, ಸ್ಲೇಟಿನ ಮೇಲೆ ಬರೆದ ಹಾಗೆ.

"ಯಾವ ಮೂಲೇಲಿ ಸಿಕ್ತಣ್ಣ ಇದು?" ಎಂದು ಡ್ರೈವರನ್ನು ಕೇಳಿದೆ.

"ಗೊತ್ತಾಗ್ಲಿಲ್ಲ ಸಾರ್. ಮಣ್ಣಿನ ಜೊತೇಲಿ ಬಂತು."

ಮೊದಲ ಎರಡು ಲೋಡು ಹಾಕಿದ ತಗ್ಗಿಗೆ ಓಡಿದೆವು. ಅಷ್ಟರಲ್ಲಿ ಆ ಮಣ್ಣನ್ನು ಹರಡಿ ಸಮ ಮಾಡಿದ್ದರು. ಆ ತುಂಡು ಅಲ್ಲೇ ಇದ್ದ ಗುಡಿಯದೋ, ಹಳೇ ಮನೆಯವರು ಎಲ್ಲಿಂದಲೋ ತಂದು ಪಾಯಕ್ಕೆ ಹಾಕಿದ್ದೋ, ಅದರ ಜೊತೆ ಇನ್ನಷ್ಟು ಕಲ್ಲು ಸಾಲಾಗಿ ಇತ್ತೋ ಇಲ್ಲವೋ, ಒಂದಕ್ಕೂ ಉತ್ತರ ಇಲ್ಲ. ಕಲ್ಲನ್ನು ಅಧಿಕಾರಿಗಳಿಗೆ ಒಪ್ಪಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ ನನ್ನದೇ: "ಎಲ್ಲಿ, ಎಷ್ಟು ಆಳದಲ್ಲಿ?" ನಾನು ತಲೆ ತಗ್ಗಿಸಿದೆ. ಆ ತಪ್ಪು ನನ್ನದು. ಡ್ರೈವರ್ ಪಾಪ, ಹೇಳಿದಷ್ಟು ಕೆಲಸ ಮಾಡಿದ್ದ.

ಸಿಕ್ಕ ಕಲ್ಲಿಗಿಂತ ಅದು ಸಿಕ್ಕ ಜಾಗ ಹೇಳುವ ಸಂಗತಿ ಜಾಸ್ತಿ. ನಿಗಾ ಇಡುವ ಈ ಕೆಲಸವೆಲ್ಲ ಆ ಜಾಗವನ್ನು ಉಳಿಸಿಕೊಳ್ಳುವುದಕ್ಕೇ.

ಯಂತ್ರ ಹೇಗೆ ಅಗೆಯಬೇಕು

ಸಣ್ಣ ಸೈಟಾದರೆ ಗುದ್ದಲಿ, ಹಾರೆ, ಬಾಂಡ್ಲಿಯಲ್ಲೇ ಅಗೆಸಿ. ನಾಲ್ಕು ದಿನ ಹೆಚ್ಚಾಗುತ್ತದೆ. ಆದರೆ ಕೈಯಲ್ಲಿ ಅಗೆಯುವ ಆಳಿಗೆ ಕಲ್ಲು ತಾಗಿದ ಕ್ಷಣವೇ ಗೊತ್ತಾಗುತ್ತದೆ. ಜೆಸಿಬಿ ಬೇಕೇ ಬೇಕು ಎಂದರೆ ಇಷ್ಟು ಕೇಳಿಕೊಳ್ಳಿ. ಹಲ್ಲಿಲ್ಲದ ಅಗಲ ಬಕೆಟ್ ಹಾಕಿಸಿ. ಹಲ್ಲಿನ ಬಕೆಟ್ ಮಣ್ಣನ್ನು ಉತ್ತುಬಿಡುತ್ತದೆ, ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಹಲ್ಲಿಲ್ಲದ್ದು ಒರೆಸಿದ ಹಾಗೆ ಕೆರೆಯುತ್ತದೆ. ಒಂದು ಸಲಕ್ಕೆ ನಾಲ್ಕು ಇಂಚು ಮಾತ್ರ ತೆಗೆಯಲಿ. ಗಾಡಿ ಹಿಂದಕ್ಕೆ ಸರಿಯುತ್ತಾ ಅಗೆಯಬೇಕು, ತೆರೆದ ನೆಲದ ಮೇಲೆ ಚಕ್ರ ಓಡಬಾರದು. ನಿಗಾ ನೋಡುವವರು ಬಕೆಟ್ ತಿರುಗುವ ಸುತ್ತಿನಿಂದ ಆಚೆ, ಡ್ರೈವರಿಗೆ ಕಾಣುವ ಹಾಗೆ ನಿಲ್ಲಬೇಕು.

ತೆಗೆದ ಮಣ್ಣನ್ನು ಕೂಡಲೇ ಸಾಗಿಸಬೇಡಿ. ಪೂರ್ವದ ಪಾಯದ ಕಾಲುವೆಯದು ಒಂದು ಗುಡ್ಡೆ, ಪಶ್ಚಿಮದ್ದು ಇನ್ನೊಂದು ಗುಡ್ಡೆ. ಪ್ರತಿ ಗುಡ್ಡೆಯ ಮೇಲೆ ಒಂದು ಕಡ್ಡಿ ನೆಟ್ಟು ಚೀಟಿ ಕಟ್ಟಿ. ಸಂಜೆ ಒಂದು ಸಲ ಕೈಯಾಡಿಸಿ ನೋಡಿ, ಆಮೇಲೆ ಟ್ರ್ಯಾಕ್ಟರಿಗೆ ಹಾಕಿಸಿ.

ಐದು ಅಡಿಗಿಂತ ಆಳದ ಕಾಲುವೆಗೆ ಪಕ್ಕದ ಮಣ್ಣಿಗೆ ಹಲಗೆ ಆಸರೆ ಕೊಡದೆ ಯಾರೂ ಇಳಿಯಬಾರದು. ಹಳೇ ಊರಿನ ಸಡಿಲ ಮಣ್ಣು ನಂಬಿಕೆಯದಲ್ಲ. ಮಳೆ ಬಿದ್ದ ಮರುದಿನವಂತೂ ಇಳಿಯಲೇಬೇಡಿ. ಎಷ್ಟು ದೊಡ್ಡ ಶಾಸನ ಕಂಡರೂ ಮೇಲಿನಿಂದಲೇ ಫೋಟೋ ತೆಗೆಯಿರಿ.

ಏನನ್ನು ನೋಡಬೇಕು

ಜನ ವಿಗ್ರಹಕ್ಕೆ ಕಾಯುತ್ತಾರೆ. ಸಾವಿರ ಗುಂಡಿಯಲ್ಲಿ ಒಂದರಲ್ಲಿ ಸಿಕ್ಕರೂ ಹೆಚ್ಚೇ. ದಿನಾ ಕಾಣುವುದು ಬೇರೆ.

ಮೊದಲನೆಯದು ಮಣ್ಣಿನ ಬಣ್ಣ. ಕೆಮ್ಮಣ್ಣಿನ ನಡುವೆ ಕಪ್ಪು ದುಂಡು ಕಲೆ ಕಂಡರೆ ಅದು ಹಿಂದೆ ಯಾರೋ ತೋಡಿ ತುಂಬಿದ ಗುಂಡಿ. ಕಂಬ ನೆಟ್ಟಿದ್ದಿರಬಹುದು, ಕಸದ ಗುಂಡಿ ಇರಬಹುದು, ಹಗೇವಿನ ಬಾಯಿ ಇರಬಹುದು. ಉದ್ದಕ್ಕೆ ಪಟ್ಟಿಯ ಹಾಗಿದ್ದರೆ ಕಿತ್ತುಹೋದ ಗೋಡೆಯ ಪಾಯ ಆಗಿರಬಹುದು, ಹಳೇ ಚರಂಡಿಯೂ ಇರಬಹುದು. ಬಿಸಿಲಲ್ಲಿ ಒಣಗಿದರೆ ಎಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ. ಆಗ ಗಿಡಕ್ಕೆ ಹೊಡೆಯುವ ಸ್ಪ್ರೇಯರಿನಲ್ಲಿ ಸ್ವಲ್ಪ ನೀರು ಹೊಡೆಯಿರಿ. ಕಲೆ ಮತ್ತೆ ಎದ್ದು ಕಾಣುತ್ತದೆ. ಬೆಳಗಿನ ಹೊತ್ತು ಇದಕ್ಕೆ ಬಹಳ ಒಳ್ಳೆಯದು.

ಎರಡನೆಯದು ಸದ್ದು. ಪಿಕಾಸಿ ಗಟ್ಟಿ ಕಲ್ಲಿಗೆ ತಾಗಿದರೆ ಠಣ್ ಅನ್ನುತ್ತದೆ, ಕೈ ಜುಮ್ಮೆನ್ನುತ್ತದೆ. ಬಳಪದ ಕಲ್ಲಿಗೆ ತಾಗಿದರೆ ಸದ್ದು ಮಂದ. ತುದಿಯಲ್ಲಿ ಬಿಳಿ ಪುಡಿ ಅಂಟಿರುತ್ತದೆ. ಹೊಯ್ಸಳರ ಶಿಲ್ಪಿಗಳು ಈ ಕಲ್ಲನ್ನು ಆರಿಸಿದ್ದೇ ಅದು ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ ಎಂದು. ಅಷ್ಟು ಸಣ್ಣ ಕುಸುರಿ ಕೆಲಸ ಆಗಿದ್ದು ಅದರಿಂದಲೇ. ಮಣ್ಣಿನೊಳಗೆ ಒದ್ದೆಯಾಗಿ ಕೂತ ಕಲ್ಲಿಗೆ ಒಂದೇ ಏಟು ಸಾಕು. ಪೀಠದ ಮೂಲೆ ಎಂದು ಸುಮ್ನೆ ಬಿಡಬೇಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದು ವಿಗ್ರಹಗಳ ಪೀಠದ ಮೇಲೆಯೇ.

ಮೂರನೆಯದು ಸಾಲು. ಒಂದು ಕಲ್ಲು ಎಲ್ಲಿಂದಲೋ ಬಂದಿರಬಹುದು. ಮೂರು ಕಲ್ಲು ಒಂದೇ ದಾರಕ್ಕೆ ಕೂತಿದ್ದರೆ ಅದು ಗೋಡೆ. ಅವುಗಳ ನಡುವೆ ಸುಣ್ಣದ ಗಾರೆ ಇದೆಯಾ, ಬರೀ ಕೆಸರಾ, ಏನೂ ಇಲ್ಲದೆ ಕಲ್ಲಿಗೆ ಕಲ್ಲು ಕೂತಿದೆಯಾ ನೋಡಿ ಬರೆದುಕೊಳ್ಳಿ. ಇಟ್ಟಿಗೆ ಸಿಕ್ಕರೆ ಉದ್ದ, ಅಗಲ, ದಪ್ಪ ಮೂರನ್ನೂ ಅಳೆಯಿರಿ. ಹಳೇ ಇಟ್ಟಿಗೆಯ ಅಳತೆ ಈಗಿನದಕ್ಕಿಂತ ಬೇರೆ ಇರುತ್ತದೆ.

ಬೋಕಿ, ಮೂಳೆ, ಇದ್ದಿಲು, ಬಳೆಚೂರು, ಕಬ್ಬಿಣದ ಕಿಟ್ಟ ಇವೆಲ್ಲ ರಾಶಿ ಸಿಗುತ್ತವೆ. ಎಲ್ಲವನ್ನೂ ಆರಿಸುತ್ತಾ ಕೂರಬೇಡಿ. ಯಾವ ಪದರದಲ್ಲಿ ಜಾಸ್ತಿ ಇದ್ದವು ಎಂದು ಬರೆದು ಫೋಟೋ ತೆಗೆದರೆ ಸಾಕು. ಮನುಷ್ಯರ ಮೂಳೆ ಎಂದು ಅನುಮಾನ ಬಂದರೆ ಮಾತ್ರ ಮೊದಲು ಪೊಲೀಸರಿಗೆ ತಿಳಿಸಿ.

ಹಗೇವು ತೆರೆದುಕೊಂಡರೆ ಒಳಗೆ ಯಾರನ್ನೂ ಇಳಿಸಬೇಡಿ. ಮುಚ್ಚಿದ ಗುಂಡಿಯ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನು ದೂರ ಇಡಿ.

ಏನಾದರೂ ಕಂಡಾಗ

ಕೆಲಸ ನಿಲ್ಲಿಸಿ. ಇಡೀ ಸೈಟು ನಿಲ್ಲಿಸಬೇಕಾಗಿಲ್ಲ. ಕಂಡ ಜಾಗದ ಸುತ್ತ ಒಂದೆರಡು ಮೀಟರ್ ಬಿಟ್ಟು ಹಗ್ಗ ಕಟ್ಟಿ ಇನ್ನೊಂದು ಮೂಲೆಗೆ ಆಳುಗಳನ್ನು ಕಳಿಸಿ.

ಎತ್ತಬೇಡಿ. ತಿರುಗಿಸಿ ನೋಡುವ ಆಸೆ ಆಗುತ್ತದೆ, ಅದು ಸಹಜ. ಆದರೂ ಬೇಡ. ಅದು ಮುಖ ಕೆಳಗಾಗಿ ಬಿದ್ದಿತ್ತೋ, ನಿಂತಿತ್ತೋ ಎಂಬುದೂ ಒಂದು ಮಾಹಿತಿ. ಇದ್ದ ಹಾಗೇ ಫೋಟೋ ತೆಗೆಯಿರಿ: ದೂರದಿಂದ ಒಂದು, ಪಕ್ಕದ ಮನೆಯ ಗೋಡೆ ಕಾಣುವ ಹಾಗೆ. ಹತ್ತಿರದಿಂದ ಒಂದು, ಪಕ್ಕದಲ್ಲಿ ಟೇಪು ಇಟ್ಟು. ಉತ್ತರ ದಿಕ್ಕಿಗೆ ಬಾಣ ಬರೆದ ಚೀಟಿಯೂ ಫೋಟೋದಲ್ಲಿ ಇರಲಿ. ಅಕ್ಷರ ಇದ್ದರೆ ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ತೆಗೆಯಿರಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ತೆಗೆದರೆ ಹಗಲಲ್ಲಿ ಕಾಣದ ಅಕ್ಷರವೂ ಕಾಣುತ್ತದೆ. ಸೀಮೆಸುಣ್ಣ ಬಳಿಯುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಎಣ್ಣೆ ಸವರುವುದು ಬೇಡವೇ ಬೇಡ. ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ "ಶ್ರೀ ತಳಕಾಡುಗೊಂಡ", "ಶ್ರೀ ನೊಣಂಬವಾಡಿಗೊಂಡ" ಎಂದು ಕನ್ನಡ ಅಕ್ಷರಗಳೇ ಇವೆ. ತಿಕ್ಕಾಟಕ್ಕೆ ಮೊದಲು ಸವೆಯುವುದು ಅಂಥ ಉಬ್ಬು ಅಕ್ಷರಗಳೇ.

ಬಳಪದ ಕಲ್ಲಾದರೆ ಬಿಸಿಲಿಗೆ ಬಿಡಬೇಡಿ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಟಾರ್ಪಾಲು ಹಾಕಿ.

ವಿಗ್ರಹ ಸಿಕ್ಕಿದರೆ ಸುದ್ದಿ ಹತ್ತು ನಿಮಿಷದಲ್ಲಿ ಊರಿಗೆ ಮುಟ್ಟುತ್ತದೆ. ಜನ ಬರುತ್ತಾರೆ, ಕೈ ಮುಗಿಯುತ್ತಾರೆ, ಹೂವು ತರುತ್ತಾರೆ. ಅವರನ್ನು ಗದರಬೇಡಿ. ಹಗ್ಗದ ಆಚೆ ನಿಂತು ನಮಸ್ಕಾರ ಮಾಡಲಿ, ಹೂವನ್ನು ಹಗ್ಗದ ಹತ್ತಿರ ಇಡಲಿ. ಹಾಲು, ಎಣ್ಣೆ, ಅರಿಶಿನ, ಕುಂಕುಮ ಕಲ್ಲಿಗೆ ಬೀಳದ ಹಾಗೆ ನೋಡಿಕೊಳ್ಳಿ. ಬೀದಿಯ ಹಿರಿಯರೊಬ್ಬರಿಗೆ ಮೊದಲೇ ವಿಷಯ ತಿಳಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಅವರ ಮಾತು ನಡೆಯುತ್ತದೆ.

ಅದೇ ದಿನ ತಿಳಿಸಿ, ಬರವಣಿಗೆಯಲ್ಲಿ ತಿಳಿಸಿ. ಪುರಾತತ್ವ ಇಲಾಖೆಗೆ ಒಂದು ಪತ್ರ, ತಹಶೀಲ್ದಾರರಿಗೆ ಒಂದು. ಚಿನ್ನ, ನಾಣ್ಯ ಮುಂತಾದ ಬೆಲೆಬಾಳುವ ವಸ್ತು ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಿಗ್ರಹ, ನಾಣ್ಯ, ಶಾಸನ ಎಲ್ಲ ಪುರಾವಸ್ತು. ಯಾರೋ ಬಂದು "ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದರೆ ಬಾಗಿಲಲ್ಲೇ ಕಳಿಸಿಬಿಡಿ. ಕೊಟ್ಟ ಪತ್ರಗಳಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ರಾತ್ರಿ ಒಬ್ಬರು ಸೈಟಿನಲ್ಲಿ ಮಲಗಲಿ. ನಿಧಿ ಆಸೆಗೆ ಅಗೆಯುವವರು ಬರುವುದು ಕತ್ತಲಲ್ಲೇ.

ಇನ್ನೊಂದು ಮಾತು. ಇನ್ನೂ ಏನಾದರೂ ಇರಬಹುದು ಎಂದು ನೀವೇ ಹುಡುಕಿಕೊಂಡು ಅಗೆಯಬೇಡಿ. ನಿಮ್ಮ ಪಾಯಕ್ಕೆ ಎಷ್ಟು ಬೇಕೋ ಅಷ್ಟೇ ಅಗೆತ. ಉತ್ಖನನ ಮಾಡುವುದು ಅದಕ್ಕೆಂದೇ ಕಲಿತವರ ಕೆಲಸ.

"ಹೇಳಿದ್ರೆ ಜಾಗ ಹೋಗುತ್ತೆ"

ಈ ಭಯವೇ ಎಲ್ಲಕ್ಕಿಂತ ಹೆಚ್ಚು ಕಲ್ಲುಗಳನ್ನು ಮತ್ತೆ ಮಣ್ಣಿಗೆ ಸೇರಿಸಿದೆ ಎಂದು ನನಗೆ ಅನಿಸುತ್ತದೆ. ಸಾಲ ಮಾಡಿ ಮನೆಗೆ ಕೈ ಹಾಕಿದವರ ಆತಂಕ ನನಗೆ ಅರ್ಥವಾಗುತ್ತದೆ. ಹಾಗಾಗಿ 1958ರ ಸ್ಮಾರಕಗಳ ಕಾಯ್ದೆ ಏನು ಹೇಳುತ್ತದೆ ಎಂದು ತಿಳಿದಿರಲಿ. ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ್ದು ಎಂದು ಘೋಷಿಸಬೇಕಾದರೆ ಕೇಂದ್ರ ಸರ್ಕಾರ ಮೊದಲು ಎರಡು ತಿಂಗಳ ನೋಟಿಸು ಹೊರಡಿಸಬೇಕು. ಆ ಸಮಯದಲ್ಲಿ ಜಾಗದವರು ಆಕ್ಷೇಪಣೆ ಸಲ್ಲಿಸಬಹುದು. ಒಂದು ಕಲ್ಲು ಸಿಕ್ಕಿತು ಎಂದು ರಾತ್ರೋರಾತ್ರಿ ಹಾಗೆ ಘೋಷಿಸಲು ಆಗುವುದಿಲ್ಲ.

ತಡ ಮಾತ್ರ ಆಗಬಹುದು. ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಗುತ್ತಿಗೆ ಮಾತಾಡುವಾಗಲೇ ಒಂದು ಸಾಲು ಸೇರಿಸಿ: ಹಳೇ ವಸ್ತು ಸಿಕ್ಕಿ ಕೆಲಸ ನಿಂತರೆ ಆ ದಿನಗಳ ಆಳಿನ ಕೂಲಿ, ಯಂತ್ರದ ಬಾಡಿಗೆ ಯಾರು ಕೊಡಬೇಕು ಎಂದು. ಇದು ಮೊದಲೇ ತೀರ್ಮಾನವಾಗಿದ್ದರೆ ಮೇಸ್ತ್ರಿಗೂ ಮುಚ್ಚಿಹಾಕುವ ಅವಸರ ಇರುವುದಿಲ್ಲ. ಎಂಜಿನಿಯರ್ ಜೊತೆ ಮಾತಾಡಿ ಪಾಯದ ಕಂಬವನ್ನು ಎರಡು ಅಡಿ ಸರಿಸಿದರೆ ಹಳೇ ಗೋಡೆಯನ್ನು ಮುಟ್ಟದೆಯೇ ಕೆಲಸ ಮುಂದುವರಿಯುವ ದಾರಿ ಸಿಗಬಹುದು. ಅದನ್ನು ಇಲಾಖೆಯವರ ಎದುರಿಗೇ ಕೇಳಿ.

ಚರಂಡಿ, ಪೈಪು ಕೆಲಸ

ಮನೆಯವರು ಎಷ್ಟು ಎಚ್ಚರ ವಹಿಸಿದರೂ ಒಂದು ಕಂಡಿ ಉಳಿದುಬಿಡುತ್ತದೆ. ಸಾರ್ವಜನಿಕ ಚರಂಡಿ, ಕುಡಿಯುವ ನೀರಿನ ಪೈಪು, ಕರೆಂಟ್ ಕೇಬಲ್ ಕೆಲಸ 1958ರ ಸ್ಮಾರಕಗಳ ಕಾಯ್ದೆಯ "ನಿರ್ಮಾಣ" ಎಂಬ ಪದದ ಅರ್ಥದೊಳಗೆ ಬರುವುದಿಲ್ಲ. ಊರಿಗೆ ಅವು ಬೇಕೇ ಬೇಕು, ಸರಿ. ಆದರೆ ಬೀದಿಯ ಉದ್ದಕ್ಕೂ ಆಳವಾಗಿ ಸೀಳಿಕೊಂಡು ಹೋಗುವ ಕಾಲುವೆಯೇ ಹಳೇ ಊರಿನ ಹೊಟ್ಟೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬೆಳಗ್ಗೆ ಅಗೆದು ಸಂಜೆ ಮುಚ್ಚಿಬಿಡುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥ ಕೆಲಸ ಬಂದರೆ ವಾರ್ಡಿನ ಸದಸ್ಯರಿಗೆ ಮುಂಚೆಯೇ ಹೇಳಿ, ಪೈಪು ಇಳಿಸುವ ಮೊದಲು ಅರ್ಧ ಗಂಟೆ ಬಿಡಿಸಿಕೊಳ್ಳಿ. ಕಾಲುವೆಯ ಒಂದು ಮಗ್ಗುಲನ್ನು ಹತ್ತು ಹತ್ತು ಅಡಿಗೆ ಒಂದರಂತೆ ಫೋಟೋ ತೆಗೆದರೂ ದೊಡ್ಡ ಕೆಲಸ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ರಸ್ತೆ, ಪಾರ್ಕಿಂಗ್, ಹೋಟೆಲ್ ಎಂದು ಅಗೆತ ಹೆಚ್ಚೇ ಆಗುತ್ತದೆ. ಈಗ ಕಲಿತರೆ ಉಪಯೋಗಕ್ಕೆ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ನೂರು ಪುಟದ ಶಾಲೆ ನೋಟ್‌ಬುಕ್ ಸಾಕು. ದಿನಕ್ಕೊಂದು ಪುಟ. ತಾರೀಖು, ಗಂಟೆ, ಯಾವ ಕಾಲುವೆ, ಎಷ್ಟು ಆಳಕ್ಕೆ ಹೋಯಿತು, ಮಣ್ಣು ಹೇಗಿತ್ತು, ಏನು ಕಂಡಿತು, ಫೋಟೋ ನಂಬರು. ಏನೂ ಕಾಣದ ದಿನ "ಏನೂ ಕಾಣಲಿಲ್ಲ" ಎಂದೇ ಬರೆಯಿರಿ. ಅದೂ ಮಾಹಿತಿಯೇ. ಅಲ್ಲಿ ಹಳೇ ಗೋಡೆ ಇಲ್ಲ ಎಂದಾಯಿತಲ್ಲ.

ಜಾಗವನ್ನು ಗುರುತಿಸಲು ಫೋನಿನ ಲೊಕೇಶನ್ ಒಂದನ್ನೇ ನಂಬಬೇಡಿ, ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಸಣ್ಣ ಸೈಟಿನಲ್ಲಿ ಅಷ್ಟೇ ಸಾಕು ತಪ್ಪಲು. ಅಲುಗಾಡದ ಎರಡು ಗುರುತು ಹಿಡಿಯಿರಿ: ಪಕ್ಕದ ಮನೆಯ ಮೂಲೆ, ಕರೆಂಟ್ ಕಂಬ. ವಸ್ತುವಿನಿಂದ ಎರಡಕ್ಕೂ ಟೇಪಿನಲ್ಲಿ ಅಳತೆ ತೆಗೆದು ಬರೆಯಿರಿ. ಆಳವನ್ನು ನಿಮ್ಮ ನೆಲದಿಂದ ಅಳೆಯಬೇಡಿ, ಕೆಲಸ ಮುಗಿಯುವಷ್ಟರಲ್ಲಿ ನೆಲವೇ ಬದಲಾಗಿರುತ್ತದೆ. ಪಕ್ಕದ ಮನೆಯ ಹೊಸ್ತಿಲಿನ ಮಟ್ಟಕ್ಕೆ ದಾರ ಕಟ್ಟಿ, ನೀರುಮಟ್ಟದ ಟ್ಯೂಬ್ ಹಿಡಿದು ನೋಡಿ, ಆ ದಾರದಿಂದ ಕೆಳಕ್ಕೆ ಅಳೆಯಿರಿ. ಇದನ್ನು ಯಾವ ಮೇಸ್ತ್ರಿಯೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಪಾಯಕ್ಕೆ ಕಾಂಕ್ರೀಟ್ ಹಾಕುವ ಹಿಂದಿನ ದಿನ ಗುಂಡಿಯ ನಾಲ್ಕೂ ಮಗ್ಗುಲನ್ನು ಕರಣೆಯಲ್ಲಿ ಹಗುರಾಗಿ ಕೆರೆದು ಶುಚಿ ಮಾಡಿ. ಟೇಪು ಇಳಿಬಿಟ್ಟು ಒಂದೊಂದರ ಫೋಟೋ ತೆಗೆಯಿರಿ. ಯಾವ ಪದರ ಎಷ್ಟು ದಪ್ಪ ಎಂದು ಪೆನ್ಸಿಲಿನಲ್ಲಿ ಒಂದು ಚಿತ್ರ ಬರೆಯಿರಿ. ಚೆಂದ ಬರಬೇಕಾಗಿಲ್ಲ, ಅಳತೆ ಸರಿ ಇದ್ದರೆ ಆಯಿತು.

ಎಲ್ಲ ಮುಗಿದ ಮೇಲೆ ನೋಟ್‌ಬುಕ್ಕಿನ ಜೆರಾಕ್ಸ್ ಮತ್ತು ಫೋಟೋಗಳನ್ನು ಪುರಾತತ್ವ ಇಲಾಖೆಗೆ ಕೊಡಿ. ಹಾಸನದ ಮಹಾರಾಜ ಪಾರ್ಕಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಪ್ರತಿ ಕೊಡಿ. ಮೂಲವನ್ನು ಖಾತೆ, ಕ್ರಯಪತ್ರ, ನಕ್ಷೆಯ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಪಕ್ಕದ ಸೈಟಿನವರು ಮನೆ ಕಟ್ಟಲು ಹೊರಟಾಗ ಆ ಫೈಲನ್ನು ತೆಗೆದುಕೊಂಡು ಹೋಗಿ ತೋರಿಸಿ. ನಿಮ್ಮ ಗುಂಡಿಯಲ್ಲಿ ಹೊಸ್ತಿಲಿನ ದಾರದಿಂದ ನಾಲ್ಕೂವರೆ ಅಡಿ ಕೆಳಗೆ ಕಂಡ ಗೋಡೆ ಅವರ ಕಡೆಗೆ ಮುಂದುವರಿದಿದ್ದರೆ, ಜೆಸಿಬಿಯನ್ನು ಎಷ್ಟು ಆಳಕ್ಕೆ ನಿಲ್ಲಿಸಿ ಗುದ್ದಲಿ ಹಿಡಿಯಬೇಕು ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.